ಬೇಸಿಗೆ ರಜೆಯಲ್ಲಿ ವಾರ್ಡ್ ಸಭೆಯ ಪಾಠ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಂಥ ಊರಿನ ಕಾಲೇಜು ವಿದ್ಯಾರ್ಥಿಗಳು ಬೇಸಿಗೆ ಇಂಟರ್ನ್‌ಷಿಪ್‌ಗೆ ಬೆಂಗಳೂರಿನ ಬಸ್ಸೇ ಹತ್ತಬೇಕಿಲ್ಲ. ರಾಜಕೀಯ ಸಂಘಟನೆಯ ಪಾಠವನ್ನು ತಮ್ಮ ಗ್ರಾಮ ಪಂಚಾಯಿತಿಯಲ್ಲೇ ಕಲಿಯಬಹುದು. ಕೋಲಾರಕ್ಕೆ ಇದೇನೂ ಹೊಸದಲ್ಲ. 1970ರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿಗೆ ಈ ಜಿಲ್ಲೆ ಗಟ್ಟಿ ನೆಲೆಯಾಗಿತ್ತು. ಅದಕ್ಕೆ ಹಾಡು ಕಟ್ಟಿದ ಕೋಟಿಗಾನಹಳ್ಳಿ ರಾಮಯ್ಯ ಇಲ್ಲಿಯವರು. ಕಾಲೇಜಿಗೂ ಸಂಘಟನೆಗೂ ನಂಟು ಹೊಸದಲ್ಲ: ಸಮಿತಿಯ ಸಂಸ್ಥಾಪಕ ಬಿ. ಕೃಷ್ಣಪ್ಪ ಕಾಲೇಜು ಮೇಷ್ಟ್ರಾಗಿದ್ದರು.

ಓದುವ ಮಕ್ಕಳಿಗೆ ರಾಜಕೀಯ ಯಾಕೆ, ಪಕ್ಷಗಳು ಬಾವುಟ ಹಿಡಿಸಿ ಆಮೇಲೆ ಕೈಬಿಡುತ್ತವೆ ಎಂಬ ಹೆತ್ತವರ ಆತಂಕ ಸುಳ್ಳಲ್ಲ. ಅದಕ್ಕೇ ಕಲಿಕೆ ಪಕ್ಷದ ಕಚೇರಿಯಿಂದಲ್ಲ, ವಾರ್ಡ್ ಸಭೆಯಿಂದ ಶುರುವಾಗಲಿ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಅದಕ್ಕೆ ಜಾಗವಿದೆ. ವಾರ್ಡಿನ ಮತದಾರರ ಪಟ್ಟಿಯಲ್ಲಿರುವ ಎಲ್ಲರೂ ಈ ಸಭೆಯ ಸದಸ್ಯರೇ, 18 ತುಂಬಿ ಹೆಸರು ಸೇರಿಸಿದ ವಿದ್ಯಾರ್ಥಿನಿಯೂ. ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಕೆಟ್ಟ ಬೋರ್‌ವೆಲ್, ಬಾರದ ಪಿಂಚಣಿಗಳ ಪಟ್ಟಿ ಮಾಡಬೇಕು. ಮಾವಿನ ತೋಟಕ್ಕೆ ಕೂಲಿ ಹೋಗುವ ಹೆಂಗಸರಿಗೆ ಬಿಡುವಾಗುವ ಹೊತ್ತಿಗೇ ಸಭೆ ಇಡಿ ಎಂದು ಕೇಳಬೇಕು. ಅವರು ಹೇಳಿದ್ದು ನಡಾವಳಿ ಪುಸ್ತಕಕ್ಕೆ ಏರಿತೇ ಎಂದು ನೋಡಬೇಕು; ಎಷ್ಟೋ ಬೇಡಿಕೆ ಕಳೆದುಹೋಗುವುದು ಅಲ್ಲೇ. ಒಂದು ಬೇಸಿಗೆಯಲ್ಲಿ ಏನಾದೀತು ಅಂತೀರಾ? ಬೋರ್‌ವೆಲ್ ರಿಪೇರಿ ಆಗದೆಯೂ ಇರಬಹುದು. ಆದರೆ ಮುಂದಿನ ಸಭೆಯಲ್ಲಿ ಆ ನಡಾವಳಿ ಓದಿ ಲೆಕ್ಕ ಕೇಳಬಲ್ಲ ನಾಲ್ಕು ಜನ ಊರಲ್ಲಿ ಇರುತ್ತಾರೆ.