ಒಡೆದ ಬಳೆಯ ಅರಮನೆ

ಬಸ್ ಸ್ಟ್ಯಾಂಡಿನ ಹಿಂದೆ ಇರುವ ಗುಜರಿ ಅಂಗಡಿ ಮುಂದೆ ಒಂದೈದು ನಿಮಿಷ ನಿಂತು ನೋಡಿ. ಹೇಗೂ ಬಸ್ಸು ಲೇಟು. ತುಕ್ಕು ಹಿಡಿದ ಸೈಕಲ್ ರಿಮ್ಮು, ತಳ ಹೋದ ಬಕೆಟ್ಟು, ಸೀಳು ಬಿಟ್ಟ ವಾಶ್ ಬೇಸಿನ್ನು, ಕಾಲು ಮುರಿದ ಕುರ್ಚಿ. ಎಲ್ಲಕ್ಕೂ ಅಲ್ಲಿ ಒಂದೇ ತಕ್ಕಡಿ, ಕೇಜಿಗಿಷ್ಟು ಅಂತ ರೇಟು. ಯಾರದೋ ಮದುವೆಗೆ ಉಡುಗೊರೆಯಾಗಿ ಬಂದಿದ್ದ ಹಂಡೆಯೂ ಅಲ್ಲಿ ಬರೀ ತೂಕವೇ.

ಇನ್ನು ಬಳೆ ಅಂಗಡಿಯವರನ್ನು ಕೇಳಿ. ಒಡೆದ ಬಳೆ ಚೂರನ್ನು ಏನು ಮಾಡ್ತೀರಿ? ಗುಜರಿಯವನೂ ಮುಟ್ಟೋದಿಲ್ಲ ಸ್ವಾಮಿ, ಸೀದಾ ತಿಪ್ಪೆಗೆ ಅಂತಾರೆ.

ಆ ತಿಪ್ಪೆಗೆ ಹೋಗುವ ಬಳೆ ಚೂರನ್ನೇ ಸೀರೆಯಾಗಿ ಉಡಿಸಿ, ಸಿಮೆಂಟಿನ ಹೆಂಗಸರನ್ನು ಸಾಲು ಸಾಲಾಗಿ ನಿಲ್ಲಿಸಿದವರೊಬ್ಬರಿದ್ದರು. ಊರು ಚಂಡೀಗಢ. ಹೆಸರು ನೇಕ್ ಚಂದ್. ಆರ್ಟ್ ಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ. ಉದ್ಯೋಗ ಲೋಕೋಪಯೋಗಿ ಇಲಾಖೆಯಲ್ಲಿ ರೋಡ್ ಇನ್ಸ್‌ಪೆಕ್ಟರ್. ಅಂದ್ರೆ ನಮ್ಮ ನಿಮ್ಮ ಹಾಗೆ ಟಿಫಿನ್ ಡಬ್ಬಿ ಹಿಡಿದು ಡ್ಯೂಟಿಗೆ ಹೋಗಿ ಬರುವ ಜನ.

ಅವರು ಕಟ್ಟಿದ ರಾಕ್ ಗಾರ್ಡನ್ ಇವತ್ತು ಜಗತ್ತಿಗೇ ಗೊತ್ತು. ಅದು ಹೇಗೆ ಹುಟ್ಟಿತು, ಎಷ್ಟು ಸಲ ಬುಲ್ಡೋಜರ್ ಬಾಯಿಗೆ ಬಿತ್ತು ಅನ್ನೋದು ನಮ್ಮೂರಿನ ಅಂಗಡಿ ಬೀದಿಯವರೂ ತಿಳಿಯಬೇಕಾದ ಸಂಗತಿ. ಯಾಕೆ ಅಂತ ಕೊನೆಗೆ ಹೇಳ್ತೇನೆ.

ಎರಡು ಸಲ ಕಳೆದ ಊರು

ನೇಕ್ ಚಂದ್ ಹುಟ್ಟಿದ್ದು 1924ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಶಕರ್‌ಗಢ ಕಡೆಯ ಒಂದು ಹಳ್ಳಿಯಲ್ಲಿ. 1947ರಲ್ಲಿ ದೇಶ ಎರಡಾಯಿತು. ಮನೆ, ಹೊಲ ಎಲ್ಲ ಆಚೆಗೆ ಉಳಿಯಿತು; ಕುಟುಂಬ ಈಚೆಗೆ ಬಂತು. 1951ರ ಹೊತ್ತಿಗೆ ಅವರಿಗೆ ಚಂಡೀಗಢದಲ್ಲಿ ಕೆಲಸ ಸಿಕ್ಕಿತು.

ಲಾಹೋರ್ ಕೈತಪ್ಪಿದ್ದರಿಂದ ಪಂಜಾಬಿಗೆ ಆಗ ಹೊಸ ರಾಜಧಾನಿ ಬೇಕಿತ್ತು. ಲ ಕಾರ್ಬೂಸಿಯೇ ಎಂಬ ಜಗತ್‌ಪ್ರಸಿದ್ಧ ವಾಸ್ತುಶಿಲ್ಪಿಯ ನಕ್ಷೆಯಂತೆ ಚಂಡೀಗಢ ಏಳುತ್ತಿತ್ತು. ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ರಸ್ತೆ, ನಂಬರು ಹಾಕಿದ ಸೆಕ್ಟರು. ಇಷ್ಟು ದೊಡ್ಡ ನಗರಕ್ಕೆ ಜಾಗ ಎಲ್ಲಿಂದ ಬರಬೇಕು? ಅಲ್ಲಿದ್ದ ಹಳ್ಳಿಗಳನ್ನೇ ಎಬ್ಬಿಸಿದರು. ಜನ ಹೋದರು. ಒಡೆದ ಮಡಕೆ, ಹೆಂಚು, ಪಿಂಗಾಣಿ, ಬಳೆ ಚೂರು ಅಲ್ಲೇ ಉಳಿದವು.

ತನ್ನ ಹಳ್ಳಿ ಕಳೆದುಕೊಂಡು ಬಂದ ಮನುಷ್ಯ, ಬೇರೆಯವರ ಹಳ್ಳಿಗಳೂ ಹೀಗೆ ಕಸವಾಗಿ ಬಿದ್ದಿರೋದನ್ನು ನೋಡಿದರು. ಸುಮ್ಮನೆ ದಾಟಿ ಹೋಗಲಾಗಲಿಲ್ಲ. 1958ರ ಸುಮಾರಿಗೆ ಒಂದೊಂದೇ ಹೆಕ್ಕತೊಡಗಿದರು. ಹಳೇ ಸಾಮಾನಿನ ಜತೆ ಶಿವಾಲಿಕ್ ಬೆಟ್ಟದ ತಪ್ಪಲಿನ ಹಳ್ಳಗಳಲ್ಲಿ ಸಿಗುವ ವಿಚಿತ್ರ ಆಕಾರದ ಕಲ್ಲುಗಳು. ಒಂದು ಕಲ್ಲು ಹಕ್ಕಿಯ ಹಾಗೆ, ಇನ್ನೊಂದು ಮುದುಕನ ಹಾಗೆ. ಸಾಗಿಸೋದಕ್ಕೆ ಲಾರಿ ಇಲ್ಲ, ಗಾಡಿ ಇಲ್ಲ; ತಮ್ಮ ಸೈಕಲ್ಲೇ ಗತಿ.

ಕಾಡಿನೊಳಗೊಂದು ಗುಟ್ಟು

ಊರಿನ ಉತ್ತರಕ್ಕೆ, ಸುಖ್ನಾ ಕೆರೆಯ ಹತ್ತಿರ ಸರ್ಕಾರಿ ಕಾಡು. ಒಂದು ಇಟ್ಟಿಗೆ ಇಡೋದಕ್ಕೂ ಅಲ್ಲಿ ಅಪ್ಪಣೆ ಇರಲಿಲ್ಲ. ಅಲ್ಲೇ ಪೊದೆ ಕಡಿದು ಜಾಗ ಮಾಡಿಕೊಂಡರು. ಹಗಲು ಸರ್ಕಾರದ ಕೆಲಸ, ಸಂಜೆಯಾದ ಮೇಲೆ ತಮ್ಮ ಕೆಲಸ. ಕತ್ತಲಾದರೆ ಹಳೇ ಟೈರ್ ಸುಟ್ಟು ಬೆಳಕು. ಹೊರಗಿನವರಿಗೆ ಸುಳಿವಿಲ್ಲ. ಮೇಲಿನವರಿಗೆ ತಿಳಿದರೆ ನೌಕರಿಗೇ ಸಂಚಕಾರ ತಾನೆ?

ಕೆಲಸದ ಬಗೆ ಮಾತ್ರ ಕೇಳುವ ಹಾಗಿದೆ. ಹಳೇ ಸೈಕಲ್ಲಿನ ಫ್ರೇಮು ಪ್ರಾಣಿಯ ಮೈಯಾಯಿತು, ಫೋರ್ಕು ಕಾಲಾಯಿತು, ಸೀಟು ಮುಖವಾಯಿತು. ಕಬ್ಬಿಣದ ಅಸ್ಥಿಪಂಜರಕ್ಕೆ ಸಿಮೆಂಟು ಮೆತ್ತಿ, ಅದು ಹಸಿಯಿರುವಾಗಲೇ ಬಳೆ ಚೂರನ್ನೋ ಕಪ್ಪು ಬಸಿಯ ತುಂಡನ್ನೋ ಒತ್ತಿದರೆ ಅದೇ ಚರ್ಮ, ಅದೇ ಉಡುಗೆ. ಖಾಲಿ ಟಾರ್ ಡ್ರಮ್ಮು ಜೋಡಿಸಿದರೆ ಗೋಡೆ. ಹಾಳಾದ ಪಿಂಗಾಣಿಯ ಕರೆಂಟ್ ಸಾಮಾನಿನಿಂದ ಇನ್ನೊಂದು ಗೋಡೆ. ಕುಲುಮೆಯಿಂದ ಎಸೆದ ಕಿಟ್ಟ ಕೂಡ ದಂಡವಾಗಲಿಲ್ಲ.

ರಾಜ, ರಾಣಿ, ಕುಣಿಯುವವರು, ನೀರು ಹೊರುವವರು, ಕೋತಿ, ನವಿಲು. ಬಾಲ್ಯದಲ್ಲಿ ತಾಯಿ ಹೇಳುತ್ತಿದ್ದ ರಾಜರಾಣಿಯರ ಕಥೆ ಅವರ ತಲೆಯಲ್ಲಿತ್ತು. ಆ ರಾಜ್ಯದ ಪ್ರಜೆಗಳು ಒಬ್ಬೊಬ್ಬರಾಗಿ ಎದ್ದು ನಿಂತರು. ಹದಿನೈದು ವರ್ಷಕ್ಕೂ ಮಿಕ್ಕಿ ಇದು ನಡೆಯಿತು.

ಸಿಕ್ಕಿಬಿದ್ದ ಮೇಲೆ

1970ರ ದಶಕದಲ್ಲಿ ಗುಟ್ಟು ರಟ್ಟಾಯಿತು. ಅಧಿಕಾರಿಗಳು ಕಾಡಿನೊಳಗೆ ಬಂದು ನೋಡಿದರೆ ಎಕರೆಗಟ್ಟಲೆ ಅಂಗಳ, ಸಾವಿರಾರು ಬೊಂಬೆ. ಕಾನೂನಿನ ಪುಸ್ತಕ ತೆಗೆದರೆ ಸರ್ಕಾರಿ ಜಾಗದ ಒತ್ತುವರಿ. ಕಣ್ಣು ತೆಗೆದರೆ ದೇಶದಲ್ಲೇ ಇಲ್ಲದ ಅಚ್ಚರಿ. ಕೆಡವಬೇಕೋ ಬಿಡಬೇಕೋ?

ಸುದ್ದಿ ತಿಳಿದ ಊರಿನ ಜನ ಉಳಿಸಿ ಅಂದರು. ಮೇಲೆ ಕೂತವರಲ್ಲೂ ಕೆಲವರಿಗೆ ಕಣ್ಣಿತ್ತು. 1976ರಲ್ಲಿ ತೋಟ ಜನರಿಗೆ ತೆರೆಯಿತು. ನೇಕ್ ಚಂದ್ ಅವರನ್ನು ಅದಕ್ಕೇ ಹಚ್ಚಿ ಸಂಬಳ ಕೊಟ್ಟರು. ಕೈಕೆಳಗೆ 50 ಮಂದಿ ಕೂಲಿಯಾಳುಗಳು. ಊರಿನ ಕಸ ಕೂಡಿಸಲು ಸಂಗ್ರಹ ಕೇಂದ್ರಗಳಾದವು. ನಿನ್ನೆಯವರೆಗೆ ಕದ್ದು ಮಾಡಿದ ಕೆಲಸ, ಇವತ್ತು ಸರ್ಕಾರಿ ಡ್ಯೂಟಿ! 1984ರಲ್ಲಿ ಪದ್ಮಶ್ರೀಯೂ ಬಂತು.

ಇಲ್ಲಿಗೆ ಸುಖಾಂತ ಅಂದ್ಕೊಂಡಿರಾ? ಇಲ್ಲ. 1990ರ ಹೊತ್ತಿಗೆ ತೋಟದೊಳಗೆ ರಸ್ತೆ ಹಾಯಿಸುವ ಯೋಜನೆ ಎದ್ದಿತು. ಬುಲ್ಡೋಜರ್ ಬಂದಾಗ ನೂರಾರು ಜನ, ಮಕ್ಕಳು ಮರಿ ಸಮೇತ, ಅಡ್ಡ ನಿಂತರು. ಯಂತ್ರ ವಾಪಸು ಹೋಯಿತು. 1996ರಲ್ಲಿ ನೇಕ್ ಚಂದ್ ವಿದೇಶ ಪ್ರವಾಸದಲ್ಲಿದ್ದಾಗ ಇಲ್ಲಿಯ ಕೆಲಸಗಾರರನ್ನು ಹಿಂದಕ್ಕೆ ಕರೆಸಿಕೊಂಡರು. ಕಾಯುವವರಿಲ್ಲದ ತೋಟಕ್ಕೆ ಪುಂಡರು ನುಗ್ಗಿ ಬೊಂಬೆಗಳನ್ನು ಒಡೆದರು. ಬಂದವರು ಮತ್ತೆ ಆ ಚೂರು ಹೆಕ್ಕಿದರು. ಚೂರಿನಿಂದ ಕಟ್ಟೋದು ಅವರಿಗೆ ಹೊಸತೇನಲ್ಲವಲ್ಲ!

2015ರ ಜೂನ್ 12ರಂದು, 90ರ ವಯಸ್ಸಿನಲ್ಲಿ ನೇಕ್ ಚಂದ್ ತೀರಿಕೊಂಡರು. ಸುಮಾರು ಹತ್ತು ವರ್ಷ ಕಳೆಯಿತು. 2025ರ ಮಾರ್ಚಿಯಲ್ಲಿ ಪಕ್ಕದ ಹೈಕೋರ್ಟಿನ ಬಳಿ ರಸ್ತೆ ಅಗಲ ಮಾಡಲು, ಕಾರು ನಿಲ್ಲಿಸಲು ಜಾಗ ಬೇಕೆಂದು ತೋಟದ ಗೋಡೆಯ ಒಂದು ಭಾಗವನ್ನು ಕೆಡವಿದರು. ಜನ ಪ್ರತಿಭಟಿಸಿದರು. ಈ ಸಲ ಗೋಡೆ ಉಳಿಯಲಿಲ್ಲ.

ಈಗ ನಮ್ಮೂರಿಗೆ ಬನ್ನಿ

ರಸ್ತೆ ಅಗಲ ಮಾಡೋದು ಅಂದ್ರೆ ಅಂಗಡಿ ಬೀದಿಯವರಿಗೆ ವಿವರಿಸಬೇಕಾಗಿಲ್ಲ. ಗೋಡೆ ಮೇಲೆ ಕೆಂಪು ಬಣ್ಣದ ಗುರುತು ಬಿದ್ದ ರಾತ್ರಿ ನಿದ್ದೆ ಬಾರದವರು ನಮ್ಮಲ್ಲೂ ಇದ್ದಾರೆ. ರಸ್ತೆ ಬೇಡ ಅಂತ ಯಾರೂ ಹೇಳಲ್ಲ. ಬಸ್ಸಿನವರಿಗೂ ರಸ್ತೆ ಬೇಕು, ಗಿರಾಕಿಗೂ ಬೇಕು. ಯಾವುದು ಬೇಕಾದದ್ದು, ಯಾವುದು ಬೇಡದ್ದು ಅಂತ ಗುರುತು ಹಾಕುವ ಬಣ್ಣದ ಡಬ್ಬಿ ಯಾರ ಕೈಲಿದೆ ಅನ್ನೋದೇ ಪ್ರಶ್ನೆ. ಕೆಡವಿದ ಮನೆಯ ಕೆತ್ತನೆ ಬಾಗಿಲು, ತೊಲೆ, ಕಂಬ ಎಲ್ಲಿಗೆ ಹೋದವು, ಕೇಳಿದವರಾರು? ಬಹುಪಾಲು ಅದೇ ಗುಜರಿ ತಕ್ಕಡಿಗೆ.

ಬೇಡದ್ದನ್ನು ಬೇಕಾದ್ದು ಮಾಡುವ ವಿದ್ಯೆ ನಮಗೆ ಚಂಡೀಗಢದಿಂದ ಬರಬೇಕಾಗಿಲ್ಲ. ನಮ್ಮ ಅಜ್ಜಿಯರ ಕೌದಿ ನೆನೆಸಿಕೊಳ್ಳಿ. ಹರಿದ ಸೀರೆ, ಸವೆದ ಪಂಚೆ, ಮಕ್ಕಳ ಹಳೇ ಲಂಗ ಎಲ್ಲ ಕೂಡಿ ಒಂದು ಹೊದಿಕೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರ ಕೌದಿಗಳನ್ನು ಹೊರದೇಶದವರು ಕಲೆ ಅಂತ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಅವರು ಕೌದಿಯ ಮೂಲೆಗಳಿಗೆ ಬಟ್ಟೆ ಚೂರುಗಳಿಂದ ‘ಹೂವು’ ಹೊಲಿಯುತ್ತಾರೆ. ಹೂವಿಲ್ಲದ ಕೌದಿ ಬತ್ತಲೆ ಇದ್ದ ಹಾಗೆ ಅನ್ನೋದು ಅವರ ನಂಬಿಕೆ. ಚಳಿಗೆ ಆ ಹೂವು ಬೇಕಿಲ್ಲ. ಮನುಷ್ಯನಿಗೆ ಬೇಕು.

ಮುಂದಿನ ಸಲ ಯಾರಾದರೂ ನಿಮ್ಮ ಬೀದಿಯ ಹಳೇ ಕಟ್ಟಡವನ್ನು ತೋರಿಸಿ ಇದೆಲ್ಲ ವೇಸ್ಟು ಸ್ವಾಮಿ ಅಂದರೆ, ಒಂದು ನಿಮಿಷ ನಿಂತು ನೋಡಿ. ನೇಕ್ ಚಂದ್ ತೋಟವನ್ನು ಒಂದು ಸಲ ಸರ್ಕಾರ ಉಳಿಸಿತು, ಒಂದು ಸಲ ಜನ ಉಳಿಸಿದರು. ಜನ ಅಡ್ಡ ನಿಂತದ್ದು ಅದರ ಬೆಲೆ ಗೊತ್ತಿದ್ದರಿಂದ.

ಬಸ್ಸು ಬಂತು, ಹತ್ತಿ. ಹಾಂ, ಬಳೆ ಅಂಗಡಿಯವರೇ, ಆ ಚೂರುಗಳನ್ನು ಇವತ್ತೊಂದು ದಿನ ಎಸೆಯಬೇಡಿ. ಮೊದಲು ಬಿಸಿಲಿಗೆ ಹಿಡಿದು ನೋಡಿ.