ಶೀರ್ಷಿಕೆಪುಟದ ಸಾಕ್ಷ್ಯ: ಹೊರನಾಡಿನಲ್ಲಿ ಅಚ್ಚಾದ ಹತ್ತೊಂಬತ್ತನೆಯ ಶತಮಾನದ ಕನ್ನಡ ಪುಸ್ತಕಗಳು

ಹತ್ತೊಂಬತ್ತನೆಯ ಶತಮಾನದ ಕನ್ನಡ ಸಾಹಿತ್ಯವನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಕವಿಕೃತಿಗಳ ಪಟ್ಟಿಯಾಗಿಯೇ ಉಳಿದಿದೆ. ಕೆಂಪುನಾರಾಯಣನ ‘ಮುದ್ರಾಮಂಜೂಷ’ದಿಂದ (1823) ಹೊರಟು, ಮುದ್ದಣನನ್ನು ಹಾದು, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಗೆ (1899) ಬಂದು ನಿಲ್ಲುವ ಈ ದಾರಿಯಲ್ಲಿ ಆ ಶತಮಾನವು ಹಳತು ಹೊಸತುಗಳ ನಡುವಣ ಬರಿಯ ಸಂಧಿಕಾಲವಾಗಿ ಕಾಣುತ್ತದೆ. ಕೃತಿಗಳ ಬದಲು ಪುಸ್ತಕಗಳನ್ನು ನೋಡಿದರೆ, ಎಂದರೆ ಯಾವುದು ಎಲ್ಲಿ ಅಚ್ಚಾಯಿತು, ಯಾರಿಗಾಗಿ ಅಚ್ಚಾಯಿತು, ಯಾವಾಗ ಓದುಗರ ಕೈಸೇರಿತು ಎಂದು ವಿಚಾರಿಸಿದರೆ, ಚಿತ್ರವೇ ಬೇರೆಯಾಗುತ್ತದೆ.

ಮೊದಲು ಕಾಣುವ ಸಂಗತಿಯೆಂದರೆ, ಈ ಪುಸ್ತಕಗಳಲ್ಲಿ ಗಣನೀಯವಾದವು ಇಂದಿನ ಕರ್ನಾಟಕದ ಹೊರಗೆ ಮುದ್ರಿತವಾದವು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಹೊರಬಂದುದು ಬಂಗಾಳದ ಶ್ರೀರಾಮಪುರದಲ್ಲಿ. ಮೆಕೆರೆಲನ ವ್ಯಾಕರಣ (1820), ರೀವನ ಕನ್ನಡ–ಇಂಗ್ಲಿಷ್ ನಿಘಂಟು (1832) ಮದರಾಸಿನವು. ಅಲ್ಲಿ 1812ರಲ್ಲಿ ಸ್ಥಾಪಿತವಾದ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜಿನಲ್ಲಿ ಕಂಪೆನಿಯ ಎಳೆಯ ಅಧಿಕಾರಿಗಳು ದಕ್ಷಿಣದ ಭಾಷೆಗಳನ್ನು ಕಲಿಯಬೇಕಾಗಿತ್ತು. ಅವರಿಗೆ ಬೇಕಾದುದು ಕಾವ್ಯದ ಕನ್ನಡವಲ್ಲ, ಕಚೇರಿಯಲ್ಲಿ ಅರ್ಜಿ ಹಿಡಿದು ನಿಂತ ರೈತನ ಕನ್ನಡ. ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯರು 1838ರಲ್ಲಿ ಪ್ರಕಟಿಸಿದ ವ್ಯಾಕರಣಕ್ಕೆ ‘ಹೊಸಗನ್ನಡ ನುಡಿಗನ್ನಡಿ’ ಎಂದು ಹೆಸರಿಟ್ಟುದರ ಅರ್ಥ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ಕೇಶಿರಾಜನ ಸೂತ್ರಗಳೇ ವ್ಯಾಕರಣವೆಂದಿದ್ದ ಪರಂಪರೆಯಲ್ಲಿ ಆಡುವ ಕನ್ನಡಕ್ಕೂ ಕನ್ನಡಿ ಹಿಡಿಯಬಹುದೆಂಬ ಅರಿವು ಆಡಳಿತದ ಅಗತ್ಯದಿಂದ ಹುಟ್ಟಿತೆಂಬುದು ಅಷ್ಟೇನೂ ಹಿತವಾದ ಮಾತಲ್ಲದಿದ್ದರೂ ನಿಜ.

ಮುಂಬಯಿಯ ಸಾಕ್ಷ್ಯ ಇದಕ್ಕಿಂತ ಸಂಕೀರ್ಣವಾದುದು. 1872ರಲ್ಲಿ ಅಲ್ಲಿ ಆರಂಭವಾದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯನ್ನು ಕನ್ನಡ ವಿದ್ವಾಂಸರು ಸಾಮಾನ್ಯವಾಗಿ ಶಾಸನಗಳಿಗಾಗಿ ತೆರೆಯುತ್ತಾರೆ. ಅದರಲ್ಲಿಯೇ ಜೆ.ಎಫ್. ಫ್ಲೀಟನು 1885ರಿಂದ ಉತ್ತರ ಕರ್ನಾಟಕದ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದನು. 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣ, ನಿಶ್ಶಸ್ತ್ರೀಕರಣ ಕಾಯಿದೆಯನ್ನು ವಿರೋಧಿಸಿ 1857ರಲ್ಲಿ ದಂಗೆಯೆದ್ದ ಹಲಗಲಿಯ ಬೇಡರು ಈ ಹಾಡುಗಳ ನಾಯಕರು. ಬಂಡಾಯವನ್ನು ಹತ್ತಿಕ್ಕಿದ ಆಳಿಕೆಯ ಅಧಿಕಾರಿಯೊಬ್ಬನ ಕೈಯಿಂದಲೇ ಬಂಡಾಯದ ಹಾಡು ಅಚ್ಚಿಗೆ ಬಂದಿತು! ಫ್ಲೀಟನಿಗೆ ಇವು ಜಿಲ್ಲೆಯ ಜನಜೀವನದ ದಾಖಲೆಗಳಾಗಿದ್ದಿರಬಹುದು. ಮುಂದೆ ಜಾನಪದ ಅಧ್ಯಯನಕ್ಕೆ ಅವೇ ಮೂಲ ಪಾಠಗಳಾದವು. ಆದರೆ ಅದೇ ದಶಕದ ಸಾಹಿತ್ಯಚರಿತ್ರೆಯಲ್ಲಿ ಅವುಗಳಿಗೆ ಸ್ಥಾನವಿಲ್ಲ. ‘ಜಾನಪದ’ ಎಂಬ ಬೇರೆ ಅಂಕಣಕ್ಕೆ ಅವನ್ನು ತಳ್ಳಲಾಗಿದೆ. ಇದು ವರ್ಗೀಕರಣದ ಅನುಕೂಲವೇ ಹೊರತು ಕಾಲದ ಸತ್ಯವಲ್ಲ.

ಎರಡನೆಯ ನಿದರ್ಶನ ಕರ್ಕಿ ವೆಂಕಟರಮಣಶಾಸ್ತ್ರಿ ಸೂರಿಯವರ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ (1887). ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ನಾಟಕವೆಂದು ಗಣ್ಯವಾದ ಈ ಕೃತಿ ಪ್ರಕಟವಾದುದು ಮುಂಬಯಿಯಲ್ಲಿ. ಹೊನ್ನಾವರದ ಬಳಿಯ ಕರ್ಕಿಯವರ ಪುಸ್ತಕ ಮುಂಬಯಿಗೆ ಹೋದುದು ಆಕಸ್ಮಿಕವಲ್ಲ. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸು ಪ್ರಾಂತ್ಯದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಗಿತ್ತು. ಉದ್ಯೋಗ, ವಿದ್ಯೆ, ವ್ಯಾಪಾರ ಎಲ್ಲಕ್ಕೂ ಆ ಕರಾವಳಿಯವರು ಮುಂಬಯಿಯ ಕಡೆಗೇ ಮುಖಮಾಡಿದ್ದರು. ಹಣ ಪಡೆದು ಎಳೆಯ ಹುಡುಗಿಯನ್ನು ಮುದುಕನಿಗೆ ಕೊಡುವ ಕನ್ಯಾವಿಕ್ರಯ ಪ್ರಹಸನದ ವಸ್ತು. ಸಂಸ್ಕೃತ ನಾಟಕಗಳ ಅನುವಾದವೇ ನಾಟಕವೆನಿಸಿದ್ದ ದಿನಗಳಲ್ಲಿ ಸೂರಿಯವರು ಹವ್ಯಕರ ಮನೆಮಾತನ್ನು ಪಾತ್ರಗಳ ಬಾಯಿಗೆ ತಂದರು. ಸ್ವಂತ ಸಮಾಜದ ದೋಷವನ್ನು ಅದರದೇ ನುಡಿಯಲ್ಲಿ ಆಡಿತೋರಿಸುವ ಧೈರ್ಯಕ್ಕೆ ಊರಿನಿಂದ ದೂರವಿದ್ದ ನಗರ ಒದಗಿಸಿದ ಬಿಡುವೂ ಕಾರಣವಾಗಿರಬೇಕು.

ಪುಸ್ತಕದ ಕಾಲವನ್ನು ಗಮನಿಸದಿದ್ದರೆ ವಿಮರ್ಶೆಯೂ ದಾರಿತಪ್ಪುತ್ತದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಅಚ್ಚಾದುದು 1898ರಲ್ಲಿ. ಅದನ್ನು ಸಂಪಾದಿಸಿದ ಕೆ.ಬಿ. ಪಾಠಕರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದವರು. ಪಂಪಭಾರತವೂ ಅದೇ ವರ್ಷದ ಪ್ರಕಟಣೆ. ಅಭಿನವ ಪಂಪನೆನಿಸಿದ ನಾಗಚಂದ್ರನ ರಾಮಾಯಣ ಅದಕ್ಕೂ ಮೊದಲೇ ಮುದ್ರಿತವಾಗಿತ್ತು. ಆದ್ದರಿಂದ 1890ರ ಸುಮಾರಿನ ಓದುಗನಿಗೆ ಅಚ್ಚಿನಲ್ಲಿ ದೊರೆಯುತ್ತಿದ್ದ ಪಂಪ ಆದಿಪಂಪನಲ್ಲ. ಕಿಟೆಲ್ಲರು 1875ರಲ್ಲಿ ನಾಗವರ್ಮನ ಛಂದೋಗ್ರಂಥಕ್ಕೆ ಬರೆದ ಪೀಠಿಕೆಯಲ್ಲಿ ಸಾಹಿತ್ಯಚರಿತ್ರೆಯನ್ನು ರೂಪಿಸಿದಾಗಲೂ ಈ ಎರಡು ಗ್ರಂಥಗಳು ಅಚ್ಚಿಗೆ ಬಂದಿರಲಿಲ್ಲ. ಆ ಪೀಠಿಕೆಯ ಕೊರತೆಗಳನ್ನು ಎತ್ತಿ ಆಡುವವರು ಅವರ ಮೇಜಿನ ಮೇಲೆ ಏನಿತ್ತು, ಏನಿರಲಿಲ್ಲ ಎಂಬುದನ್ನು ಮೊದಲು ಲೆಕ್ಕಹಾಕಬೇಕು.

ಈ ಬಗೆಯ ಶೋಧನೆಗೆ ಸಾಮಗ್ರಿ ಇಲ್ಲವೆನ್ನುವಂತಿಲ್ಲ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯ ಮೇರೆಗೆ ಪ್ರತಿ ಪ್ರಾಂತ್ಯವೂ ಮೂರು ತಿಂಗಳಿಗೊಮ್ಮೆ ಪುಸ್ತಕಗಳ ಪಟ್ಟಿ ಪ್ರಕಟಿಸಬೇಕಾಗಿತ್ತು. ಹೆಸರು, ಕರ್ತೃ, ಮುದ್ರಕ, ಸ್ಥಳ, ಪುಟ, ಪ್ರತಿಗಳ ಸಂಖ್ಯೆ, ಬೆಲೆ ಎಲ್ಲವೂ ಅದರಲ್ಲಿ ದಾಖಲಾಗುತ್ತಿದ್ದವು. ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದ ಕನ್ನಡ ಪುಸ್ತಕಗಳಿಗೆ ಬಾರ್ನೆಟ್ ಸಿದ್ಧಪಡಿಸಿದ ಸೂಚಿ (1910) ಇನ್ನೊಂದು ಆಧಾರ. ಮುಂಬಯಿ ಪ್ರಾಂತ್ಯದ ಪಟ್ಟಿಗಳಲ್ಲಿ ಕನ್ನಡದ ಭಾಗವನ್ನು ಬೇರ್ಪಡಿಸಿ, ಒಂದೊಂದು ನಮೂದಿಗೂ ಉಳಿದಿರುವ ಪ್ರತಿ ಎಲ್ಲಿದೆಯೆಂದು ಗುರುತಿಸುತ್ತ ಹೋದರೆ, ಪಠ್ಯಪುಸ್ತಕ, ಪಂಚಾಂಗ, ಯಕ್ಷಗಾನ ಪ್ರಸಂಗ, ಹಾಡಿನ ಹೊತ್ತಗೆಗಳಂಥ ಅಗ್ಗದ ಪುಸ್ತಕಗಳೂ ಲೆಕ್ಕಕ್ಕೆ ಸಿಗುತ್ತವೆ. ಗ್ರಂಥಾಲಯಗಳು ಮೊದಲು ಕಳೆದುಕೊಂಡಿರುವುದು ಇವುಗಳನ್ನೇ.