ಸಿಗಡಿ ಸಿಪ್ಪೆಯಿಂದ ಮಾವಿನ ಹಣ್ಣಿಗೆ ಕವಚ: ಏನಿದು ಸಂಶೋಧನೆ? ಅಡ್ಡಿ ಎಲ್ಲಿದೆ?

ದೇಶದಲ್ಲೇ ಅತಿ ಹೆಚ್ಚು ಸಿಗಡಿ ಸಾಕುವ ರಾಜ್ಯ ಆಂಧ್ರಪ್ರದೇಶ. ವಿಶಾಖಪಟ್ಟಣದ ಬಂದರಿನಿಂದ ಹೊರದೇಶಕ್ಕೆ ಹೋಗುವ ಬಹುಪಾಲು ಸಿಗಡಿಯ ತಲೆ, ಸಿಪ್ಪೆಯನ್ನು ಮೊದಲೇ ತೆಗೆದಿರುತ್ತಾರೆ. ಹೀಗೆ ಕಸವಾಗುವುದು ತೂಕದ ಶೇ 40ರಿಂದ 50ರಷ್ಟು. ಕೆಲವೇ ಗಂಟೆಗಳಲ್ಲಿ ನಾರತೊಡಗುವ ಈ ಕಸದಲ್ಲಿ ಬೆಲೆಬಾಳುವ ಕೈಟಿನ್ ಇದೆ. ಅದನ್ನು ಸಂಸ್ಕರಿಸಿದರೆ ಸಿಗುವುದು ಕೈಟೋಸಾನ್.

ಇದರ ಉಪಯೋಗ ಅರಿಯಲು ಸುಮಾರು 350 ಕಿ.ಮೀ. ದೂರದ ವಿಜಯವಾಡಕ್ಕೆ ಬರಬೇಕು. ನಗರದ ಪಕ್ಕದ ನುನ್ನ ಮಾರುಕಟ್ಟೆಯಿಂದ ಬೇಸಿಗೆಯಲ್ಲಿ ಉತ್ತರ ಭಾರತಕ್ಕೆ ಲಾರಿಗಟ್ಟಲೆ ಮಾವು ಹೋಗುತ್ತದೆ. ಕಿತ್ತ ಮೇಲೂ ಹಣ್ಣು ಉಸಿರಾಡುತ್ತದೆ, ಹಾಗಾಗಿಯೇ ಮಾಗುತ್ತದೆ, ಕೊಳೆಯುತ್ತದೆ. ವಿನೆಗರ್‌ನಂಥ ಸೌಮ್ಯ ಆಮ್ಲದಲ್ಲಿ ಕರಗಿಸಿದ ಕೈಟೋಸಾನ್‌ನಲ್ಲಿ ಹಣ್ಣನ್ನು ಅದ್ದಿ ಒಣಗಿಸಿದರೆ ತೆಳು ಪದರವೊಂದು ಕೂರುತ್ತದೆ. ಗಾಳಿಯ ಓಡಾಟ ಕಡಿಮೆಯಾಗಿ ಮಾಗುವಿಕೆ ನಿಧಾನವಾಗುತ್ತದೆ, ಬೂಷ್ಟಿನ ಕಾಟವೂ ತಗ್ಗುತ್ತದೆ. ಪದರ ದಪ್ಪವಾದರೆ ಮಾತ್ರ ಹಣ್ಣು ಉಸಿರುಗಟ್ಟಿ ರುಚಿ ಕೆಡುತ್ತದೆ. ಎಷ್ಟು ದಪ್ಪ ಇರಬೇಕು ಎಂಬುದನ್ನು ತಳಿತಳಿಗೂ ಪರೀಕ್ಷಿಸಿ ನೋಡಬೇಕು. ಆಹಾರ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿಗಳಿಗೆ ಸಿಗುವ ಕೆಲಸ ಇಂಥದ್ದೇ.

ಜೈವಿಕ ಎಂಜಿನಿಯರಿಂಗ್ ಓದಿದವರ ಪಾಲಿಗೆ ಬರುವುದು ಇನ್ನೊಂದು ತಲೆನೋವು. ಸಿಪ್ಪೆಯ ಸುಣ್ಣದ ಅಂಶ ತೆಗೆಯಲು ಹೈಡ್ರೋಕ್ಲೋರಿಕ್ ಆಮ್ಲ, ಪ್ರೋಟೀನ್ ತೆಗೆಯಲು ಕಾಸ್ಟಿಕ್ ಸೋಡಾ ಬಳಸುವುದು ಹಳೆಯ ವಿಧಾನ. ಸಿಪ್ಪೆಯ ಕಸವೇನೋ ಕರಗಿತು, ಆದರೆ ಆ ನೀರನ್ನು ಎಲ್ಲಿಗೆ ಬಿಡುವುದು? ಇದಕ್ಕೆ ಪರ್ಯಾಯ ನಮ್ಮ ಅಡುಗೆಮನೆಗೆ ಹತ್ತಿರದ್ದು. ಮೊಸರು, ಇಡ್ಲಿ ಹಿಟ್ಟನ್ನು ಹುಳಿ ಮಾಡುವ ಬಗೆಯ ಬ್ಯಾಕ್ಟೀರಿಯಾಗಳಿಗೆ ಬೆಲ್ಲದಂಥ ಸಕ್ಕರೆ ಅಂಶ ಕೊಟ್ಟು ಸಿಪ್ಪೆಯನ್ನು ಹುದುಗಿಸಿದರೆ, ಹುಟ್ಟುವ ಲ್ಯಾಕ್ಟಿಕ್ ಆಮ್ಲ ಸುಣ್ಣವನ್ನು ಕರಗಿಸುತ್ತದೆ, ಕಿಣ್ವಗಳು ಪ್ರೋಟೀನನ್ನು ಬಿಡಿಸುತ್ತವೆ. ಸಿಗಡಿಗೆ ಕೆಂಬಣ್ಣ ಕೊಡುವ ಅಸ್ಟಾಕ್ಸಾಂಥಿನ್ ಕೂಡ ಕೈಗೆ ಸಿಗುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಈ ಹುದುಗಿಸುವ ವಿಧಾನದ ಮೇಲೆ ಕೆಲಸ ಮಾಡಿದ್ದಾರೆ. ಆದರೆ ಆಮ್ಲದಷ್ಟು ಶುದ್ಧವಾಗಿ ಇದು ಸಿಪ್ಪೆಯನ್ನು ತೊಳೆಯುವುದಿಲ್ಲ, ಸಮಯವೂ ಹೆಚ್ಚು ಬೇಕು. ಕೈಟಿನ್ ಅನ್ನು ಕೈಟೋಸಾನ್ ಮಾಡುವ ಕೊನೆಯ ಹಂತಕ್ಕೆ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾವೇ ಗತಿ.

ಇಷ್ಟೆಲ್ಲ ಆದ ಮೇಲೂ ಉಳಿಯುವ ದೊಡ್ಡ ಪ್ರಶ್ನೆ ಪ್ರಯೋಗಾಲಯದ ಹೊರಗಿನದು. ಸಿಗಡಿಯಿಂದ ಬಂದ ಪದರವಿರುವ ಹಣ್ಣನ್ನು ಸಸ್ಯಾಹಾರಿಗಳು ತಿಂದಾರೆಯೇ? ಪೊಟ್ಟಣದ ಆಹಾರಕ್ಕಾದರೆ ಹಸಿರು ಚುಕ್ಕೆ ಇರುತ್ತದೆ, ತಳ್ಳುಗಾಡಿಯ ಮಾವಿಗೆ ಎಲ್ಲಿದೆ? ಪ್ರೋಟೀನ್ ಪೂರ್ತಿ ಹೋಗದಿದ್ದರೆ ಸಿಗಡಿ ಅಲರ್ಜಿ ಇರುವವರಿಗೂ ಅಪಾಯ. ಅಣಬೆ ಮತ್ತಿತರ ಶಿಲೀಂಧ್ರಗಳಲ್ಲೂ ಕೈಟಿನ್ ಇದೆ. 1811ರಲ್ಲಿ ಫ್ರಾನ್ಸ್‌ನ ಹೆನ್ರಿ ಬ್ರಾಕೊನೊ ಇದನ್ನು ಮೊದಲು ಕಂಡದ್ದೇ ಅಣಬೆಯಲ್ಲಿ. ಆ ದಾರಿ ಹಿಡಿದರೆ ಸಸ್ಯಾಹಾರದ ತಕರಾರು ಇರುವುದಿಲ್ಲ, ಆದರೆ ವಿಶಾಖಪಟ್ಟಣದ ಸಿಪ್ಪೆಯ ರಾಶಿ ಅಲ್ಲೇ ಉಳಿಯುತ್ತದೆ.